ಬೆಂಕಿ ಬೀಳದ ಊರಿನ ಅಗ್ನಿನಾಯಕರು

ಅಗ್ನಿಶಾಮಕ ಕ್ಷೇತ್ರದ ನಾಯಕನಿಗಿರುವ ಕಷ್ಟ ಬೇರೆ ಯಾವ ನಾಯಕನಿಗೂ ಇಲ್ಲ. ಸೇಲ್ಸ್ ಮ್ಯಾನೇಜರ್‌ಗೆ ತಿಂಗಳ ಕೊನೆಗೊಂದು ಅಂಕಿ ಸಿಗುತ್ತದೆ, ಅಕೌಂಟೆಂಟ್‌ಗೆ ವರ್ಷಕ್ಕೊಂದು ಆಡಿಟ್ ಸಿಗುತ್ತದೆ, ರಾಜಕಾರಣಿಗೆ ಐದು ವರ್ಷಕ್ಕೊಂದು ಚುನಾವಣೆ ಸಿಗುತ್ತದೆ. ಬೆಂಕಿಯ ನಾಯಕನಿಗೆ, ಪಾಪ, ಬೆಂಕಿಯೇ ಸಿಗುವುದಿಲ್ಲ. ಅವನು ಕೆಲಸ ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಮಾಡದಿದ್ದರೂ ಬಹುಪಾಲು ವರ್ಷಗಳಲ್ಲಿ ಏನೂ ಆಗುವುದಿಲ್ಲ. ಎರಡಕ್ಕೂ ಸಂಬಳ ಒಂದೇ. ಹೀಗಿರುವಾಗ ಒಬ್ಬ ಮನುಷ್ಯ ಹತ್ತು ಹದಿನೈದು ವರ್ಷ ಹುಮ್ಮಸ್ಸು ಬತ್ತದಂತೆ ಆ ಕುರ್ಚಿಯಲ್ಲಿ ಕುಳಿತಿರಬೇಕೆಂದರೆ ಅದು ತಪಸ್ಸೇ ಸೈ.

ಈ ತಪಸ್ಸಿನ ಗುಟ್ಟನ್ನು ಒಮಾನಿನ ಕಂಪನಿಗಳಲ್ಲಿ ದುಡಿಯುವ ನಾವು ಅನಿವಾಸಿಗಳು ಕಂಡುಹಿಡಿದಿದ್ದೇವೆ. ಒಮಾನ್ ಸರ್ಕಾರದ ಅಗ್ನಿಶಾಮಕರನ್ನು ಇದರೊಳಗೆ ಸೇರಿಸಬೇಡಿ. ಅವರು ನಿಜಕ್ಕೂ ಬೆಂಕಿಗೆ ಹೋಗುವವರು, ಅವರಿಗೆ ಹುಮ್ಮಸ್ಸಿನ ಪಾಠ ಬೇಕಾಗಿಲ್ಲ. ನಾನು ಹೇಳುತ್ತಿರುವುದು ರುವಿ, ಘಾಲಾ, ರುಸೈಲ್, ಸೊಹಾರ್ ಕಡೆಯ ಕಟ್ಟಡಗಳಲ್ಲಿ ಲಿಫ್ಟಿನ ಪಕ್ಕ ಫ್ರೇಮಿನೊಳಗೆ ನೇತಾಡುವ ನಾಯಕರ ಬಗ್ಗೆ. ಫೈರ್ ವಾರ್ಡನ್, ಡೆಪ್ಯುಟಿ ಫೈರ್ ವಾರ್ಡನ್, ಫಸ್ಟ್ ಏಡರ್. ಮೂವರ ಫೋಟೊವೂ ವೀಸಾಕ್ಕೆ ತೆಗೆಸಿದ್ದೇ, ಮೂವರ ಮುಖದಲ್ಲೂ ಅದೇ ಗಾಬರಿ. ಒಬ್ಬರು ಕಂಪನಿ ಬಿಟ್ಟು ಕತಾರ್‌ಗೆ ಹೋಗಿ ವರ್ಷ ಎರಡಾಯಿತು. ಇನ್ನೊಬ್ಬರು ರಜೆಯ ಮೇಲೆ ಊರಿನಲ್ಲಿದ್ದಾರೆ. ಮೂರನೆಯವರಿಗೆ ತಾವು ಆ ಫ್ರೇಮಿನಲ್ಲಿರುವ ವಿಷಯವೇ ತಿಳಿದಿಲ್ಲ, ಏಕೆಂದರೆ ಅವರು ಯಾವಾಗಲೂ ಮೊಬೈಲ್ ನೋಡುತ್ತಲೇ ಲಿಫ್ಟ್ ಹತ್ತುತ್ತಾರೆ.

ಈ ಕ್ಷೇತ್ರಕ್ಕೆ ಕಾಲಿಡಬೇಕೆಂದಿರುವ ಊರ ಕಡೆಯ ಹುಡುಗರಿಗೆ ದಾರಿ ಸುಲಭವಿದೆ. ಮಂಗಳೂರು, ಉಡುಪಿಯ ಬಸ್‌ಸ್ಟ್ಯಾಂಡ್‌ಗಳ ಗೋಡೆ ನೋಡಿದರೆ ಸಾಕು: ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ, ಗಲ್ಫ್‌ನಲ್ಲಿ ಉದ್ಯೋಗ, ಸೀಟು ಕೆಲವೇ ಬಾಕಿ. ಪೋಸ್ಟರಿನಲ್ಲಿ ಬಿಳಿಯನೊಬ್ಬ ಹಳದಿ ಹೆಲ್ಮೆಟ್ ಹಾಕಿಕೊಂಡು ಎತ್ತಲೋ ನೋಡುತ್ತಿರುತ್ತಾನೆ. ದೇಶದಲ್ಲಿ ಅಗ್ನಿಶಾಮಕ ಅಧಿಕಾರಿಗಳನ್ನು ತಯಾರು ಮಾಡಲೆಂದೇ 1956ರಲ್ಲಿ ಶುರುವಾದ ರಾಷ್ಟ್ರೀಯ ಕಾಲೇಜೊಂದು ನಾಗಪುರದಲ್ಲಿದೆ. ಆದರೆ ಅಲ್ಲಿ ಏಣಿ ಹತ್ತಿಸುತ್ತಾರೆ, ಹೊಗೆಯೊಳಗೆ ನುಗ್ಗಿಸುತ್ತಾರೆ ಎಂದು ಕೇಳಿದ್ದೇನೆ. ನಮ್ಮವರಿಗೆ ಅಷ್ಟೆಲ್ಲ ಯಾಕೆ? ಡಿಪ್ಲೊಮಾ ಮೇಲೊಂದು ನೆಬಾಷ್ ಸರ್ಟಿಫಿಕೇಟು, ನೆಬಾಷ್ ಮೇಲೊಂದು ಐಒಶ್, ಅದರ ಮೇಲೆ ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಮುಂದೆ ಆರು ಅಕ್ಷರ. ನಮ್ಮ ಕಡೆಯ ಒಬ್ಬರ ಹೆಸರಿಗಿಂತ ಹೆಸರಿನ ಬಾಲವೇ ಉದ್ದವಾಗಿ ವಿಸಿಟಿಂಗ್ ಕಾರ್ಡಿನಲ್ಲಿ ಫೋನ್ ನಂಬರಿಗೆ ಜಾಗ ಸಾಲದೆ ಹೋಯಿತು. ಬೆಂಕಿ ಬಿದ್ದರೆ ಕರೆಯಬೇಕಾದ ನಂಬರ್ ಅದೇ ಎಂಬುದು ಬೇರೆ ಮಾತು.

ಹುದ್ದೆ ಸಿಕ್ಕ ಮೇಲೆ ಅದರಲ್ಲಿ ಚುರುಕಾಗಿ ಉಳಿಯಲು ವರ್ಷಕ್ಕೊಮ್ಮೆ ನಾಯಕತ್ವ ಶಿಬಿರ ಇರುತ್ತದೆ. ಪಂಚತಾರಾ ಹೋಟೆಲಿನ ತಣ್ಣನೆ ಹಾಲ್, ಗುಂಡು ಮೇಜು, ಮೇಜಿನ ಮೇಲೆ ಪೆಪ್ಪರ್‌ಮಿಂಟ್. ದುಬೈಯಿಂದ ವಿಮಾನದಲ್ಲಿ ಬಂದ ತರಬೇತುದಾರರು ಮೊದಲು ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಸಿ ಒಬ್ಬರ ಮೇಲೊಬ್ಬರು ಬೀಳಿಸುತ್ತಾರೆ. ಇದು ನಂಬಿಕೆ ಬೆಳೆಸಲಿಕ್ಕಂತೆ. ಆಮೇಲೆ ಸ್ಪಗೆಟ್ಟಿ ಕಡ್ಡಿಯಲ್ಲಿ ಗೋಪುರ ಕಟ್ಟಿಸುತ್ತಾರೆ. ಇದು ತಂಡದ ಮನೋಭಾವಕ್ಕಂತೆ. ಮಧ್ಯಾಹ್ನ ಬಫೆ. ಬಫೆಯಲ್ಲಿ ಹಮ್ಮುಸ್‌ನಿಂದ ಹಿಡಿದು ಉಮ್ಮ್ ಅಲಿಯವರೆಗೆ ಇಳಿಸಿದ ಮೇಲೆ ಸಂಕಟಕಾಲದಲ್ಲಿ ಎಚ್ಚರದಿಂದಿರುವುದು ಹೇಗೆ ಎಂಬ ಅವಧಿ, ಅದರಲ್ಲಿ ಎಚ್ಚರವಾಗಿರುವವರು ತರಬೇತುದಾರರು ಒಬ್ಬರೇ. ಆ ಹಾಲ್‌ನ ತುರ್ತು ನಿರ್ಗಮನದ ಬಾಗಿಲಿಗೆ ಅಡ್ಡವಾಗಿ ಶಿಬಿರದ ಬ್ಯಾನರ್ ನಿಲ್ಲಿಸಿದ್ದರು. ಮೂವತ್ತು ಅಗ್ನಿನಾಯಕರಲ್ಲಿ ಒಬ್ಬರೂ ಅದರ ಬಗ್ಗೆ ಚಕಾರ ಎತ್ತಲಿಲ್ಲ. ಗುಂಪು ಫೋಟೊ ಅದರ ಎದುರಿಗೇ ತೆಗೆದದ್ದು.

ಇನ್ನು ಮರುಭೂಮಿಯ ಒಳಗಿನ ಸೈಟುಗಳಿಗೆ ಹೋದರೆ ನಾಯಕತ್ವವನ್ನು ಅಳೆಯುವ ಮಾಪಕವೇ ಬೇರೆ. ಗೇಟಿನ ಬಳಿ ದೊಡ್ಡ ಬೋರ್ಡು, ಅದರಲ್ಲಿ ಎಲ್‌ಟಿಐ ಇಲ್ಲದೆ ಕಳೆದ ದಿನಗಳ ಲೆಕ್ಕ. ಕೆಲಸದಲ್ಲಿ ಪೆಟ್ಟಾದವನು ಮರುದಿನ ಪಾಳಿಗೆ ಬರಲಾಗದಿದ್ದರೆ ಅದೊಂದು ಎಲ್‌ಟಿಐ. ಬಂದರೆ ಅಲ್ಲ. ಈ ವ್ಯಾಖ್ಯೆಯನ್ನು ಬರೆದ ಪುಣ್ಯಾತ್ಮರು ನಮ್ಮ ನಾಯಕರ ಪ್ರತಿಭೆಯನ್ನು ಊಹಿಸಿರಲಿಕ್ಕಿಲ್ಲ. ಕಾಲು ಮುರಿದವನನ್ನು ಬೆಳಗ್ಗೆ ಕ್ಯಾಂಪಿನಿಂದ ಪಿಕಪ್‌ನಲ್ಲಿ ಹೊತ್ತು ತಂದು, ಎಸಿ ಪೋರ್ಟಾ ಕ್ಯಾಬಿನ್‌ನಲ್ಲಿ ಕೂರಿಸಿ, ಎದುರಿಗೊಂದು ರಿಜಿಸ್ಟರ್ ಇಟ್ಟರೆ ಆಯಿತು, ಅವನು ಕೆಲಸದಲ್ಲಿದ್ದಾನೆ. ಹಾಗೆ ಕುಳಿತವನೊಬ್ಬನನ್ನು ನಾನು ಕಂಡಿದ್ದೇನೆ. ಬಿಹಾರದ ಹುಡುಗ, ಪ್ಲಾಸ್ಟರ್ ಹಾಕಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡು ಪೆನ್ಸಿಲ್ ಎಣಿಸುತ್ತಿದ್ದ. ಎಷ್ಟಿವೆ ಎಂದು ಕೇಳಿದೆ. ನಿನ್ನೆಯಷ್ಟೇ ಇವೆ ಸಾಬ್ ಎಂದ. ಹತ್ತು ಲಕ್ಷ ಮಾನವ ಗಂಟೆ ಅಪಘಾತವಿಲ್ಲದೆ ಕಳೆದ ಸಂಭ್ರಮಕ್ಕೆ ಆ ವಾರವೇ ಕೇಕ್ ಬಂತು. ಕೇಕಿನ ಮೇಲೆ ಕ್ರೀಮಿನಲ್ಲಿ ಹೆಲ್ಮೆಟ್ ಬಿಡಿಸಿತ್ತು. ಕುಂಟುವವನಿಗೂ ಒಂದು ತುಂಡು ತಲುಪಿತು, ಅನ್ಯಾಯ ಮಾಡಲಿಲ್ಲ.

ಆದರೆ ನಾಯಕನೊಬ್ಬ ಪೂರ್ಣ ಪ್ರಮಾಣದಲ್ಲಿ ಅರಳುವುದು ಅಣಕು ಕಾರ್ಯಾಚರಣೆಯ ದಿನ, ನಮ್ಮವರ ಬಾಯಲ್ಲಿ ಡ್ರಿಲ್. ಬೆಂಕಿಗೆ ಬೇಸಿಗೆ ಇಷ್ಟ. ಹಗಲಿರುಳು ಎಸಿ ಓಡಿ ವೈರುಗಳು ಬೇಯುವುದು ಆಗಲೇ. ಡ್ರಿಲ್‌ಗೆ ಮಾತ್ರ ಜನವರಿಯೇ ಆಗಬೇಕು. ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆ ತನಕ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸಬಾರದೆಂಬ ಕಾನೂನಿದೆ, ಒಳ್ಳೆಯ ಕಾನೂನು. ಅದು ಬೆಂಕಿಗೂ ಅನ್ವಯಿಸುತ್ತದೆಂದು ನಮ್ಮ ನಾಯಕರು ತಿಳಿದಂತಿದೆ.

ಡ್ರಿಲ್‌ಗೆ ಮೂರು ದಿನ ಮೊದಲೇ ಎಲ್ಲರಿಗೂ ಇಮೇಲ್ ಬರುತ್ತದೆ: ಗುರುವಾರ ಬೆಳಗ್ಗೆ ಹತ್ತಕ್ಕೆ ಅನಿರೀಕ್ಷಿತವಾಗಿ ಗಂಟೆ ಬಾರಿಸಲಾಗುವುದು, ದಯವಿಟ್ಟು ಸಹಕರಿಸಿ. ಒಂಬತ್ತೂಮುಕ್ಕಾಲಿಗೇ ಹೆಂಗಸರು ಬ್ಯಾಗು ಹೆಗಲಿಗೇರಿಸಿ ಸಜ್ಜಾಗುತ್ತಾರೆ. ಕೆಲವರು ಮೊದಲೇ ಕೆಳಗಿಳಿದು ಕರಕ್ ಚಾಯ್ ಹಿಡಿದು ನಿಂತಿರುತ್ತಾರೆ, ಗಂಟೆ ಹೊಡೆದಾಗ ಅವರಷ್ಟು ಬೇಗ ಹೊರಗೆ ಬಂದವರು ಬೇರೆ ಇಲ್ಲವಾಗಿ ವರದಿಯಲ್ಲಿ ಅವರಿಗೇ ಮೆಚ್ಚುಗೆ. ಕೇಸರಿ ಜಾಕೆಟ್ಟು ತೊಟ್ಟ ವಾರ್ಡನ್ ಮೆಗಾಫೋನಿನಲ್ಲಿ ಕೂಗುತ್ತಾರೆ, ಅದರಲ್ಲಿ ಬ್ಯಾಟರಿ ಇಲ್ಲದ್ದರಿಂದ ಬರಿಬಾಯಲ್ಲೇ ಇನ್ನೂ ಜೋರಾಗಿ ಕೂಗುತ್ತಾರೆ. ಮುದೀರ್, ಅಂದರೆ ಮ್ಯಾನೇಜರ್, ಸಾಹೇಬರು ಮಾತ್ರ ಇಳಿದು ಬರುವುದಿಲ್ಲ. ಅವರು ಮೀಟಿಂಗಿನಲ್ಲಿದ್ದಾರೆ. ಮೀಟಿಂಗಿನಲ್ಲಿರುವವರನ್ನು ಸುಡುವ ಬೆಂಕಿ ಇನ್ನೂ ಹುಟ್ಟಿಲ್ಲವಷ್ಟೆ.

ಜನ ಬಂದು ಸೇರಬೇಕಾದ ಜಾಗಕ್ಕೆ ಹಸಿರು ಬೋರ್ಡು ಹಾಕಿ ಅಸೆಂಬ್ಲಿ ಪಾಯಿಂಟ್ ಎಂದು ಬರೆದಿರುತ್ತದೆ. ಆವರಣದಲ್ಲಿ ನೆರಳಿರುವುದು ಒಂದೇ ಕಡೆ. ಹೀಗಾಗಿ ಆ ಜಾಗದಲ್ಲಿ ದೊಡ್ಡವರ ಲ್ಯಾಂಡ್ ಕ್ರೂಸರ್‌ಗಳು ನಿಂತಿರುತ್ತವೆ, ಬೋರ್ಡು ಪಕ್ಕದ ಬಿಸಿಲಿಗೆ ಸರಿದಿರುತ್ತದೆ. ಅಲ್ಲಿ ತಲೆ ಎಣಿಕೆ. ಪಟ್ಟಿಯಲ್ಲಿರುವುದು ಕಂಪನಿಯ ವೀಸಾದವರ ಹೆಸರು ಮಾತ್ರ. ಚಹಾ ತರುವ ಹುಡುಗ ಸಪ್ಲೈ ಕಂಪನಿಯವನು, ಕಸ ಗುಡಿಸುವ ಮೂವರು ಇನ್ನೊಂದು ಗುತ್ತಿಗೆಯವರು, ಎಸಿ ರಿಪೇರಿಗೆ ತಾರಸಿ ಹತ್ತಿದವನು ಯಾರ ಕಡೆಯವನೆಂಬುದು ಯಾರಿಗೂ ಗೊತ್ತಿಲ್ಲ. ಪಟ್ಟಿಯಲ್ಲಿದ್ದವರೆಲ್ಲ ಸಿಕ್ಕಿದ ಕೂಡಲೇ ನೂರಕ್ಕೆ ನೂರು ಎಂದು ಬರೆದು ಗಡಿಯಾರ ನಿಲ್ಲಿಸುತ್ತಾರೆ. ತಾರಸಿಯ ಮೇಲಿನವನು ಕೆಳಗೆ ಇಣುಕಿ, ಇವರೆಲ್ಲ ಯಾಕೆ ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ ಎಂದು ಮತ್ತೆ ತನ್ನ ಕೆಲಸಕ್ಕೆ ತಿರುಗುತ್ತಾನೆ.

ಆಮೇಲೆ ಬೆಂಕಿ ನಂದಿಸುವ ಪ್ರಾತ್ಯಕ್ಷಿಕೆ. ತಗಡಿನ ಟ್ರೇಗೆ ಡೀಸೆಲ್ ಸುರಿದು ಹಚ್ಚುತ್ತಾರೆ. ಗೋಡೆಯಿಂದ ಇಳಿಸಿ ತಂದ ಪೌಡರ್ ಸಿಲಿಂಡರಿನ ಪಿನ್ ಎಳೆದು ಜನರಲ್ ಮ್ಯಾನೇಜರ್ ಬೀಸುತ್ತಾರೆ. ಕೈಯಲ್ಲಿ ಹಿಡಿಯುವ ಸಿಲಿಂಡರ್ ಹತ್ತು ಹದಿನೈದು ಸೆಕೆಂಡಿಗೆ ಖಾಲಿ. ಫೋಟೊಗ್ರಾಫರ್‌ಗೆ ಆ ಹೊತ್ತಿಗೆ ಮುಖ ಸರಿಯಾಗಿ ಸಿಕ್ಕಿರುವುದಿಲ್ಲ, ಇನ್ನೊಂದು ತನ್ನಿ ಎನ್ನುತ್ತಾನೆ. ಅದೂ ಖಾಲಿ. ಎಚ್‌ಆರ್ ಮೇಡಮ್ಮಿಗೊಂದು, ಫೈನಾನ್ಸಿನವರಿಗೊಂದು. ಮಧ್ಯಾಹ್ನ ಆಫೀಸ್ ಬಾಯ್ ಆ ನಾಲ್ಕೂ ಸಿಲಿಂಡರುಗಳನ್ನು ಒರೆಸಿ, ಹೊಳಪು ಬರಿಸಿ, ಇದ್ದ ಕಡೆಯೇ ತಂದು ನೇತುಹಾಕುತ್ತಾನೆ. ಮುಳ್ಳು ಕೆಂಪಿಗೆ ಬಿದ್ದಿರುತ್ತದೆ. ಅವುಗಳ ಕೊರಳಿನ ಕಾರ್ಡಿನಲ್ಲಿ ತಿಂಗಳ ತಪಾಸಣೆಯ ಸಹಿ ಡಿಸೆಂಬರ್‌ವರೆಗೂ ಒಂದೇ ಪೆನ್ನಿನಲ್ಲಿ, ಒಂದೇ ವಾಲುವಿಕೆಯಲ್ಲಿ ಮೊದಲೇ ಬಿದ್ದಿರುವುದರಿಂದ ಚಿಂತೆಯಿಲ್ಲ. ಒಂದು ಕಾರ್ಡಿನಲ್ಲಿ ಫೆಬ್ರವರಿ 30ರಂದೂ ಸಿಲಿಂಡರ್ ಸುಸ್ಥಿತಿಯಲ್ಲಿತ್ತು.

ಹೊಗೆ ಪತ್ತೆ ಮಾಡುವ ಡಿಟೆಕ್ಟರ್‌ಗಳ ಕತೆ ಒಮಾನಿಗೇ ವಿಶಿಷ್ಟವಾದದ್ದು. ಇದು ಸುಗಂಧಧೂಪದ ನಾಡು. ಧೋಫಾರಿನ ಲುಬಾನ್ ಮರಗಳ ಸೀಮೆಯನ್ನು ಯುನೆಸ್ಕೊ 2000ದಲ್ಲೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಬೆಳಗ್ಗೆ ಆಫೀಸಿಗೆ ಬಂದ ಹಿರಿಯರೊಬ್ಬರು ಮಜ್ಮರ್ ಎಂಬ ಧೂಪಪಾತ್ರೆಗೆ ಕೆಂಡ ಹಾಕಿ ನಾಲ್ಕು ಹರಳು ಲುಬಾನ್ ಉದುರಿಸಿದರೆ ಮನಸ್ಸಿಗೆ ಅದೆಂಥ ನೆಮ್ಮದಿ! ಡಿಟೆಕ್ಟರ್‌ಗೆ ಆ ರಸಿಕತೆ ಇಲ್ಲ, ಬಡಿದುಕೊಳ್ಳುತ್ತದೆ. ನಾಯಕರು ಬಂದು ಅದರ ಬಾಯಿಗೆ ಪ್ಲಾಸ್ಟಿಕ್ ಗ್ಲೌಸು ತೊಡಿಸುತ್ತಾರೆ. ನಗಬೇಡಿ, ನಮ್ಮ ಫ್ಲ್ಯಾಟುಗಳಲ್ಲೂ ಇದೇ ಸ್ಥಿತಿ. ಗಣಹೋಮಕ್ಕೆ ಪುರೋಹಿತರು ಬರುವ ಮೊದಲೇ ಮನೆಯ ಯಜಮಾನ ಸ್ಟೂಲು ಹತ್ತಿ ಡಿಟೆಕ್ಟರ್‌ಗೆ ಹೋಟೆಲಿನಿಂದ ತಂದ ಶವರ್ ಕ್ಯಾಪ್ ಹಾಕಿರುತ್ತಾನೆ. ಹೋಮ ಮುಗಿದು, ಪ್ರಸಾದ ಹಂಚಿ, ಪುರೋಹಿತರಿಗೆ ದಕ್ಷಿಣೆ ಕೊಟ್ಟು ಕಳಿಸಿದ ಮೇಲೂ ಕ್ಯಾಪ್ ಅಲ್ಲೇ ಇರುತ್ತದೆ, ಮುಂದಿನ ಚೌತಿಯ ತನಕ. ವಿಘ್ನನಿವಾರಕನ ಮೇಲೆ ಅಷ್ಟೂ ಭಾರ ಹಾಕುವ ಭಕ್ತಿ ನಮ್ಮದು.

ಹೇಳಿದೆನಲ್ಲ, ನಿಜವಾದವರೂ ಇದ್ದಾರೆ ಎಂದು. ಒಮಾನಿನ ನಾಗರಿಕ ರಕ್ಷಣೆ ಮತ್ತು ಆಂಬುಲೆನ್ಸ್ ಪ್ರಾಧಿಕಾರವನ್ನು ಇಲ್ಲಿ ಎಲ್ಲರೂ ದಿಫಾ ಮದನಿ ಅಥವಾ ಸಿವಿಲ್ ಡಿಫೆನ್ಸ್ ಎನ್ನುತ್ತಾರೆ, 9999 ಒತ್ತಿದರೆ ಬರುವವರು. ಬೆಂಕಿ ಅವರ ಕೆಲಸದಲ್ಲಿ ಒಂದು ಪಾಲು ಅಷ್ಟೆ. 2007ರ ಗೋನು, 2018ರ ಮೆಕುನು, 2021ರ ಶಾಹೀನ್, ಹೀಗೆ ಚಂಡಮಾರುತ ಬಂದಾಗಲೆಲ್ಲ ದೋಣಿ ಹತ್ತಿದವರು ಅವರು. ಶಾಹೀನ್ ಬಂದಾಗ ರುಸೈಲ್ ಕೈಗಾರಿಕಾ ಪ್ರದೇಶದಲ್ಲಿ ಕಾರ್ಮಿಕರ ವಸತಿಯ ಮೇಲೆ ಗುಡ್ಡ ಕುಸಿದು ಇಬ್ಬರು ಸತ್ತರು, ಅಲ್ಲಿ ಮಣ್ಣು ಬಗೆದವರೂ ಅವರೇ. ಅದಕ್ಕೂ ಮೊದಲು, 2019ರ ನವೆಂಬರಿನಲ್ಲಿ, ಮಸ್ಕತ್‌ನಲ್ಲಿ ನೆಲದಡಿಯ ಪೈಪಿನೊಳಗೆ ಕೆಲಸ ಮಾಡುತ್ತಿದ್ದ ಆರು ಕಾರ್ಮಿಕರು ಮಳೆನೀರು ನುಗ್ಗಿ ಮುಳುಗಿದರು. ಆ ಕಂಪನಿಗೂ ಒಂದು ಫ್ರೇಮು ಇದ್ದಿರಬೇಕು.

2024ರ ಏಪ್ರಿಲ್ 14 ಒಂದು ಭಾನುವಾರ. ಈದ್ ರಜೆ ಮುಗಿದು ಕಚೇರಿ, ಶಾಲೆ ತೆರೆದ ಮೊದಲ ದಿನ. ಭಾರತದಲ್ಲಿ ಅದು ಅಗ್ನಿಶಾಮಕ ಸೇವಾ ದಿನ. ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೆಳಗ್ಗಿನಿಂದಲೇ ಜ್ವಾಲೆಯ ಚಿತ್ರ, ಹೆಲ್ಮೆಟ್ಟಿನ ಚಿತ್ರ, ಕೈಮುಗಿದ ಎಮೋಜಿ. ಹುತಾತ್ಮರಿಗೆ ನಮನ ಎಂದು ಬರೆದು ಅದರ ಕೆಳಗೆ ಕಂಪನಿಯ ಲೋಗೊ. ಅದೇ ದಿನ ಅಲ್ ಮುದೈಬಿಯ ಸಮದ್ ಅಲ್ ಶಾನ್‌ನಲ್ಲಿ ವಾದಿ ಎಂಬ ಒಣಹಳ್ಳ ಉಕ್ಕಿ ಶಾಲಾ ಮಕ್ಕಳಿದ್ದ ವಾಹನ ಕೊಚ್ಚಿಹೋಯಿತು. ಸಿವಿಲ್ ಡಿಫೆನ್ಸ್‌ನವರೂ ಊರವರೂ ಕೆಸರಿನಲ್ಲಿ ಹುಡುಕುತ್ತಿದ್ದರು. ಸಂಜೆ ಆ ಸುದ್ದಿ ಬಂದ ಮೇಲೆ ನಮ್ಮ ಗುಂಪಿನಲ್ಲಿ ಜ್ವಾಲೆಯ ಚಿತ್ರ ಹಾಕಿದ್ದವರೇ ಅಳುವ ಎಮೋಜಿ ಹಾಕಿದರು. ಅದಕ್ಕೆ ಹನ್ನೊಂದು ಲೈಕು.

ಏಪ್ರಿಲ್ 14 ಯಾಕೆ ಎಂಬುದನ್ನು ಆ ವಾಟ್ಸ್ಆ್ಯಪ್ ಚಿತ್ರಗಳಲ್ಲಿ ಬರೆದಿರುವುದಿಲ್ಲ, ಬರೆದರೆ ನಾಯಕರಿಗೆ ಇರಿಸುಮುರಿಸಾದೀತು. 1944ರಲ್ಲಿ ಆ ದಿನ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೇ ಕರಾಚಿಯಲ್ಲಿ ತುಂಬಿಸಿದ ಹತ್ತಿ, ಸಾಲದ್ದಕ್ಕೆ ಚಿನ್ನದ ಗಟ್ಟಿ. ಮಧ್ಯಾಹ್ನ ಎರಡರ ಹೊತ್ತಿಗೆ ಹತ್ತಿಯಲ್ಲಿ ಹೊಗೆ ಕಂಡಿತು. ಅಲ್ಲಿಂದ ಎರಡು ಗಂಟೆ ಕಾಲ ಅಲ್ಲಿ ನಾಯಕರಿಗೆ ಬರವಿರಲಿಲ್ಲ. ಹಡಗಿನ ಕಪ್ತಾನ, ಬಂದರಿನ ಅಧಿಕಾರಿಗಳು, ಮದ್ದುಗುಂಡು ಬಲ್ಲ ಸೇನಾಧಿಕಾರಿ, ಅಗ್ನಿಶಾಮಕ ದಳದ ಮುಖ್ಯಸ್ಥರು, ಎಲ್ಲರೂ ಬಂದರು. ಹಡಗನ್ನು ಅಲ್ಲೇ ಮುಳುಗಿಸಬೇಕೇ, ಸಮುದ್ರಕ್ಕೆ ಎಳೆದೊಯ್ಯಬೇಕೇ, ನೀರು ಹಾಯಿಸುತ್ತಲೇ ಇರಬೇಕೇ? ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಹೀಗೇ ಮಾಡಿ ಎಂದು ಎಲ್ಲರ ಮೇಲೆ ಹುಕುಂ ಹೊರಡಿಸುವವನು ಮಾತ್ರ ಇರಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗೇ ತೀರ್ಮಾನ ಕೈಗೊಂಡಿತು. ಪೈಪು ಹಿಡಿದು ನೀರು ಬಿಡುತ್ತಿದ್ದ ದಳದ 66 ಮಂದಿ ಸತ್ತರು. ಅವರ ಲೆಕ್ಕದಲ್ಲಿ ನಾವು ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಸಪ್ತಾಹ ಆಚರಿಸುತ್ತೇವೆ, ಅದರ ಉದ್ಘಾಟನೆಗೆ ಗಣ್ಯರು ತಡವಾಗಿ ಬರುತ್ತಾರೆ.

ಮಸ್ಕತ್‌ನಲ್ಲಿ ಬೆಂಕಿಯ ವಾಹನ ಕಟ್ಟಡದ ಮುಂದೆ ಬಂದು ನಿಂತಾಗ ಅದರಿಂದ ಇಳಿಯುವ ಅಧಿಕಾರಿ ಯಾರ ಸರ್ಟಿಫಿಕೇಟೂ ಕೇಳುವುದಿಲ್ಲ. ಒಳಗೆ ಎಷ್ಟು ಜನ ಉಳಿದಿದ್ದಾರೆ? ಕರೆಂಟಿನ ಕೋಣೆ ಎಲ್ಲಿ, ಬೀಗದ ಕೈ ಯಾರ ಬಳಿ? ಇಲ್ಲಿ ಜವಾಬ್ದಾರರು ಯಾರು? ಮೂರನೆಯ ಪ್ರಶ್ನೆಗೆ ನೆರೆದವರೆಲ್ಲ ಫ್ರೇಮಿನತ್ತ ಕೈತೋರಿಸುತ್ತಾರೆ. ಫ್ರೇಮು ಒಳಗಿದೆ, ಹೊಗೆಯಲ್ಲಿ.

2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು ಸುಮಾರು ಐವತ್ತು ಜನ ಸತ್ತರು. ಅವರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಭಾರತೀಯರು, ಹೆಚ್ಚಿನವರು ಕೇರಳದವರು, ನಮ್ಮ ಕಲಬುರಗಿ ಕಡೆಯವರೂ ಒಬ್ಬರು. ಕೆಳಗಿನ ಕಾವಲುಗಾರನ ಕೋಣೆಯ ಶಾರ್ಟ್ ಸರ್ಕ್ಯೂಟಿನಿಂದ ಹೊತ್ತಿದ್ದೆಂದು ಅಲ್ಲಿಯ ಅಗ್ನಿಶಾಮಕರು ಹೇಳಿದರು. ನಿದ್ದೆಯಲ್ಲಿದ್ದವರನ್ನು ಕೊಂದದ್ದು ಹೊಗೆ. ತಾರಸಿಯ ಬಾಗಿಲಿಗೆ ಬೀಗವಿತ್ತೆಂದೂ ವರದಿಯಾಯಿತು. ಬೆಂಗಳೂರಿಗರಿಗೆ ಇದು ಕೇಳದ ಕತೆಯೇನಲ್ಲ; 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆಗೆ ಹೆದರಿ ಜನ ಕಿಟಕಿ ಒಡೆದು ಹಾರಿದ್ದರು, ಒಂಬತ್ತು ಜನ ಉಳಿಯಲಿಲ್ಲ.

ಮಂಗಾಫ್ ಆದ ಮರುವಾರ ಇಡೀ ಗಲ್ಫ್‌ನಲ್ಲಿ ನಾಯಕರಿಗೆ ಮೈಮೇಲೆ ಬಂತು. ನಮ್ಮಲ್ಲೂ ಲೇಬರ್ ಕ್ಯಾಂಪುಗಳಿಗೆ ದಂಡು ಹೊರಟಿತು. ಒಂದೊಂದು ಕೋಣೆಯಲ್ಲಿ ಹತ್ತು ಹನ್ನೆರಡು ಮಂಚ, ಒಂದು ಪ್ಲಗ್ಗಿಗೆ ನಾಲ್ಕು ಎಕ್ಸ್‌ಟೆನ್ಷನ್, ಅದಕ್ಕೆ ಅಕ್ಕಿ ಬೇಯಿಸುವ ಕುಕ್ಕರ್, ಮೊಬೈಲ್ ಚಾರ್ಜರುಗಳ ಗೊಂಚಲು. ದಂಡು ಕುಕ್ಕರ್‌ಗಳನ್ನು ಜಪ್ತಿ ಮಾಡಿತು. ಹನ್ನೆರಡು ಜನರನ್ನು ಒಂದೇ ಕೋಣೆಯಲ್ಲಿ ತುಂಬಿದವರನ್ನು ಜಪ್ತಿ ಮಾಡುವ ಅಧಿಕಾರ ಅದಕ್ಕಿರಲಿಲ್ಲ, ಅವರೇ ದಂಡಿನ ಮುಂದೆ ನಡೆಯುತ್ತಿದ್ದರು. ಕೋಣೆಯ ಬಾಗಿಲಿಗೆ ಇಂಗ್ಲಿಷಿನಲ್ಲಿ ಸೂಚನೆ ಅಂಟಿಸಲಾಯಿತು. ಒಳಗಿದ್ದವರು ಓದುವುದು ಬಂಗಾಳಿ, ತೆಲುಗು, ಉರ್ದು. ಎರಡು ವಾರ ಕಳೆದು ಯುರೋ ಕಪ್ ಫುಟ್‌ಬಾಲ್ ಜೋರಾಯಿತು, ದಂಡು ಚದುರಿತು. ತಿಂಗಳು ತುಂಬುವ ಮೊದಲೇ ಹೊಸ ಕುಕ್ಕರ್‌ಗಳು ಬಂದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ನಮ್ಮ ಹಿರಿಯರು ಆಡಿಕೊಂಡರಲ್ಲ, ಅವರು ಕಾಲದಿಂದ ಹಿಂದುಳಿದವರು. ಈಗ ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಾವು ಬಾವಿ ತೋಡಲು ಸಮಿತಿ ರಚಿಸುತ್ತೇವೆ, ಪಕ್ಕದ ಮನೆಯ ಬೂದಿ ಆರಿದಾಗ ವರದಿ ಸ್ವೀಕರಿಸುತ್ತೇವೆ.

ಇಷ್ಟೆಲ್ಲ ನಾಯಕರ ನಡುವೆ ಕಟ್ಟಡಗಳು ಹೇಗೆ ಉಳಿದಿವೆ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಉತ್ತರ ಸಿಕ್ಕಿದ್ದು ಒಂದು ಬೇಸ್‌ಮೆಂಟಿನ ಪಂಪ್ ರೂಮಿನಲ್ಲಿ. ಸ್ಪ್ರಿಂಕ್ಲರ್‌ಗಳಿಗೆ ನೀರು ನೂಕುವ ಪಂಪುಗಳು ಇರುವುದು ಅಲ್ಲಿ. ಪೈಪಿನ ಒತ್ತಡ ಕಾಯ್ದುಕೊಳ್ಳುವ ಸಣ್ಣ ಜಾಕಿ ಪಂಪು, ಕರೆಂಟಿನದೊಂದು ದೊಡ್ಡ ಪಂಪು, ಕರೆಂಟು ಕೈಕೊಟ್ಟರೆ ಇರಲೆಂದು ಡೀಸೆಲಿನದೊಂದು. ಮೇಲೆ ಚಾವಣಿಯಲ್ಲಿ ಕೆಂಪು ಗಾಜಿನ ಬುರುಡೆ 68 ಡಿಗ್ರಿಗೆ ಸಿಡಿದರೂ ಕೆಳಗೆ ಇವು ಓಡದಿದ್ದರೆ ಉದುರುವುದು ಪೈಪಿನಲ್ಲಿ ನಿಂತ ನಾಲ್ಕು ಬಕೆಟ್ ತುಕ್ಕುನೀರು. ಬಾಗಿಲು ತೆರೆದಿತ್ತು. ಒಂದು ಮೂಲೆಯಲ್ಲಿ ನಾಸಿಕದ ಈರುಳ್ಳಿಯ ಮೂರು ಮೂಟೆ, ಕ್ರಿಕೆಟ್ ಬ್ಯಾಟು, ಯಾರದೋ ಹಾಸಿಗೆಯ ಸುರುಳಿ. ಇನ್ನೊಂದು ಮೂಲೆಯಲ್ಲಿ ಡೀಸೆಲ್ ಎಂಜಿನ್ನಿನ ಬ್ಯಾಟರಿಯ ಟರ್ಮಿನಲ್ಲಿಗೆ ವ್ಯಾಸಲೀನ್ ಸವರುತ್ತಾ ಒಬ್ಬರು ಕುಳಿತಿದ್ದರು. ಕುಂದಾಪುರದ ಆಚೆಯವರು. ವೀಸಾದಲ್ಲಿ ಪ್ಲಂಬರ್.

"ಎಂತ ಸಾರ್, ದಾರಿ ತಪ್ಪಿತಾ? ಇಲ್ಲಿಗೆ ಯಾರೂ ಬರುದಿಲ್ಲ."

ವಾರಕ್ಕೊಮ್ಮೆ ಅರ್ಧ ಗಂಟೆ ಡೀಸೆಲ್ ಪಂಪು ಓಡಿಸಬೇಕೆಂದು ಎನ್‌ಎಫ್‌ಪಿಎ 25 ಎಂಬ ನಿಯಮ ಹೇಳುತ್ತದೆ. ಅವರು ಆ ನಿಯಮದ ಹೆಸರು ಕೇಳಿಲ್ಲ. ಮೊದಲು ಇದ್ದ ಪಾಲಕ್ಕಾಡಿನ ಮೇಸ್ತ್ರಿ ಪ್ರತಿ ಬುಧವಾರ ಓಡಿಸುತ್ತಿದ್ದರಂತೆ, ಇವರೂ ಓಡಿಸುತ್ತಾರೆ. ಗೋಡೆಗೆ ನೇತುಹಾಕಿದ ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಕು, ಎಣ್ಣೆಯ ಒತ್ತಡ, ಡೀಸೆಲ್ ಎಷ್ಟು ಬಾಕಿ ಎಂಬುದು ಕನ್ನಡ ಅಂಕಿಯಲ್ಲಿದೆ. ಆಡಿಟ್‌ಗೆ ಬಂದವರು ಅದನ್ನು ಒಪ್ಪಲಿಲ್ಲ, ಫಾರ್ಮ್ಯಾಟ್ ಸರಿಯಿಲ್ಲವಂತೆ. ಮೇಲಿನ ಕಡತದಲ್ಲಿ ಸರಿಯಾದ ಫಾರ್ಮ್ಯಾಟಿನದು ಬೇರೆ ಇದೆ, ಅದರಲ್ಲಿ ಪಂಪು ಗುರುವಾರ ಓಡುತ್ತದೆ.

"ನೋಡಿ, ಈ ಸ್ವಿಚ್ಚು ಆಟೋದಲ್ಲೇ ಇರ್ಬೇಕು," ಎಂದು ಪ್ಯಾನಲ್ ತೋರಿಸಿದರು. "ಹೋದ ವರ್ಷ ನಾನು ರಜೆ ಮುಗಿಸಿ ಬರುವಾಗ ಆಫ್‌ನಲ್ಲಿ ಉಂಟು. ಕೇಳಿದ್ರೆ ರಾತ್ರಿ ಶಬ್ದ ಆಗ್ತದೆ ಅಂತ ಮೇಲಿನವರು ಕಂಪ್ಲೇಂಟ್ ಕೊಟ್ಟದ್ದಂತೆ."

"ಯಾರು ಆಫ್ ಮಾಡಿದ್ದು?"

"ಅದನ್ನೆಲ್ಲ ನಾನು ಹೇಗೆ ಹೇಳುದು ಸಾರ್? ಲಿಫ್ಟಿನ ಹತ್ರ ಫೋಟೊ ಉಂಟಲ್ಲ."

ನಾಯಕತ್ವ ಶಿಬಿರಕ್ಕೆ ನೀವೂ ಹೋಗಬಹುದಿತ್ತಲ್ಲ ಎಂದೆ. ಇಂಗ್ಲಿಷ್ ಬರುವುದಿಲ್ಲ, ಮತ್ತೆ ಅವತ್ತು ಬುಧವಾರ ಬೇರೆ ಎಂದರು. ಒಂದು ಸಣ್ಣ ಫ್ಯಾನಿಗೆ ಅರ್ಜಿ ಕೊಟ್ಟಿದ್ದರಂತೆ, ಬೇಸಿಗೆಯಲ್ಲಿ ಆ ಕೋಣೆಯೊಳಗೆ ಎಂಜಿನ್ ಓಡುವಾಗ ನಿಲ್ಲಲಾಗುವುದಿಲ್ಲ. ಸುರಕ್ಷತಾ ಬಜೆಟ್ ಈ ಸಾಲಿಗೆ ಮುಗಿದಿದೆ ಎಂದು ಉತ್ತರ ಬಂದಿದೆ. ವರ್ಷದ ಅತ್ಯುತ್ತಮ ಅಗ್ನಿಸುರಕ್ಷಾ ನಾಯಕ ಪ್ರಶಸ್ತಿಯ ಗಾಜಿನ ಫಲಕ ಚೆನ್ನಾಗಿತ್ತು, ಅದಕ್ಕೆ ಖರ್ಚಾಗುತ್ತದೆ. ಫಲಕ ಪಡೆದ ವಾರ್ಡನ್ ಮಹಾಶಯರು ಭಾಷಣದಲ್ಲಿ ಇದು ನನ್ನೊಬ್ಬನ ಸಾಧನೆಯಲ್ಲ, ಇಡೀ ತಂಡದ್ದು ಎಂದು ಕಣ್ಣು ಒರೆಸಿಕೊಂಡರು. ತಂಡ ಆಗ ಬೇಸ್‌ಮೆಂಟಿನಲ್ಲಿ ಸೋರುತ್ತಿದ್ದ ಪಂಪಿನ ಗ್ಲ್ಯಾಂಡ್ ಬಿಗಿ ಮಾಡುತ್ತಿತ್ತು.

ಈ ಬಾರಿ ಮಗಳ ಮದುವೆಗೆಂದು ಅವರು ನಲವತ್ತು ದಿನದ ರಜೆ ಕೇಳಿದ್ದಾರೆ. ಎಚ್‌ಆರ್‌ನ ಫಾರಂನಲ್ಲಿ ನಿಮ್ಮ ಗೈರುಹಾಜರಿಯಲ್ಲಿ ಜವಾಬ್ದಾರಿ ಯಾರದು ಎಂಬ ಅಂಕಣವಿದೆ, ಖಾಲಿ ಬಿಟ್ಟರೆ ಟಿಕೆಟ್ ಕೊಡುವುದಿಲ್ಲ. ಬೇರೆ ಯಾರ ಹೆಸರೂ ತೋಚದೆ ಫ್ರೇಮಿನಲ್ಲಿ ಮೊದಲಿರುವ ಹೆಸರನ್ನೇ ನೋಡಿ ಬರೆದುಕೊಟ್ಟರು. ಅರ್ಧ ಗಂಟೆಯಲ್ಲಿ ಫಲಕ ಪಡೆದವರಿಂದಲೇ ಫೋನು ಬಂತು.

"ಅಲ್ಲ ಮಾರಾಯ, ನನ್ನ ಹೆಸರು ಬರೆದದ್ದು ಸರಿ. ಆ ಪಂಪ್ ರೂಮು ಅಂತ ಇರುದು ಎಲ್ಲಿ?"